ನರ್ಸಮ್ಮ ಕೊಟ್ಟ ಕೆಲಸ

ಮೂವತ್ತು ವರ್ಷ ಶಾಲೆಯೊಂದರ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರು ತಟ್ಟೆ ತುಂಬಿಸಿದ ಹೆಂಗಸಿಗೆ ಮಕ್ಕಳು ಇಟ್ಟ ಹೆಸರು ಸೌಟಮ್ಮ. ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ಹೆಸರು ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಮನೆಯಲ್ಲಿ ಇದ್ದವರು ನಾಲ್ಕೇ ಮಂದಿಯಾದರೂ ಅವಳ ಪಾತ್ರೆಗಳು ದೊಡ್ಡವೇ, ದನಿಯೂ ದೊಡ್ಡದೇ. ಮಗ ಬೀದಿಯ ಕೊನೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ; ದಿನವಿಡೀ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂರುವ ಮಿತಭಾಷಿ. ಮೊಮ್ಮಗಳು ಆಗಷ್ಟೇ ಕಾಲೇಜಿನ ಮೆಟ್ಟಿಲು ಹತ್ತಿದವಳು. ಇನ್ನು ಸೊಸೆ, ಒಂದೇ ಕಾರಿನ ಡ್ರೈವಿಂಗ್ ಸ್ಕೂಲಿನ ಒಡತಿ. ಅಲ್ಲಿ ಕಲಿಸುವವಳೂ ಅವಳೇ, ಕಾರು ಒರೆಸುವವಳೂ ಅವಳೇ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಊರಿನ ಅರ್ಧ ಜನಕ್ಕೆ ಕ್ಲಚ್ಚು ಬ್ರೇಕು ಕಲಿಸಿ ಬರುತ್ತಿದ್ದಳು. ಕಲಿಸಲಾಗದೆ ಕೈಚೆಲ್ಲಿದ್ದು ಗಂಡನೊಬ್ಬನಿಗೇ. ಅವನು ಮೂರು ಸಲ ಪರೀಕ್ಷೆಗೆ ಹೋಗಿ ಮೂರು ಸಲವೂ ಒಂದೇ ಕಂಬಕ್ಕೆ ಗುದ್ದಿ ಬಂದಿದ್ದ.

ಆ ಸೊಸೆಯ ಎಡ ಮೊಲೆಯಲ್ಲಿ ಗಂಟು ಸಿಕ್ಕಿತು.

ಡಾಕ್ಟರು ವರದಿ ನೋಡಿ ಹೇಳಬೇಕಾದ್ದನ್ನು ಹೇಳಿ, ಇನ್ನೊಂದು ಕೋಣೆಗೆ ಎದ್ದು ಹೋದರು. ಸೌಟಮ್ಮನ ಕಿವಿಯಲ್ಲಿ ಉಳಿದದ್ದು "ಕ್ಯಾನ್ಸರ್" ಅನ್ನುವ ಒಂದೇ ಮಾತು. ಮಗ ನೆಲ ನೋಡುತ್ತಿದ್ದ. ಸೊಸೆ ಕೈಚೀಲದ ಜಿಪ್ಪನ್ನು ಎಳೆಯುವುದು, ಮುಚ್ಚುವುದು ಮಾಡುತ್ತಿದ್ದಳು. ಆಗ ಮೂಲೆಯಲ್ಲಿ ಇಷ್ಟು ಹೊತ್ತೂ ಸುಮ್ಮನೆ ಕೂತಿದ್ದ ಗಿಡ್ಡ ಹೆಂಗಸೊಬ್ಬಳು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು.

"ನಾನು ಇಲ್ಲಿನ ನರ್ಸ್. ಮೊಲೆ ಕ್ಯಾನ್ಸರ್ ಬಂದವರನ್ನ ನೋಡ್ಕೊಳ್ಳೋಕೇ ಅಂತ ಬೇರೆ ಓದಿ ಬಂದಿರೋಳು. ಡಾಕ್ಟರು ಹೇಳಿದ್ರಲ್ಲಿ ಎಷ್ಟು ತಲೆಗೆ ಹೋಯ್ತು?"

"ಏನೂ ಇಲ್ಲ," ಅಂದಳು ಸೊಸೆ.

"ಯಾರಿಗೂ ಹೋಗಲ್ಲ. ಬನ್ನಿ, ಮತ್ತೆ ಮೊದಲಿಂದ ಹೇಳ್ತೀನಿ."

ಹಾಳೆಯ ಮೇಲೆ ಚಿತ್ರ ಬರೆದು ಹೇಳಿದಳು. ಗಂಟು ಎಲ್ಲಿದೆ, ಎಷ್ಟು ದೊಡ್ಡದು, ಮೊದಲು ಆಪರೇಶನ್, ಆಮೇಲೆ ನಾಲ್ಕು ಸಲ ಔಷಧಿಯ ಡ್ರಿಪ್, ಕೊನೆಗೆ ಹದಿನೈದು ದಿನ ಕಿರಣ ಚಿಕಿತ್ಸೆ. ವಾಸಿ ಮಾಡಬೇಕು ಅಂತಲೇ ಇಷ್ಟೆಲ್ಲ ಮಾಡುತ್ತಿರುವುದು ಅಂತ ಎರಡು ಸಲ ಹೇಳಿದಳು. ಹಾಳೆಯ ತುದಿಯಲ್ಲಿ ತನ್ನ ಫೋನ್ ನಂಬರು ಬರೆದಳು.

"ಪೆದ್ದು ಪ್ರಶ್ನೆ ಅನ್ನೋದು ಇಲ್ಲ. ಏನು ಬೇಕಾದ್ರೂ ಕೇಳಿ."

ಸೊಸೆ ಕೇಳಿದ ಮೊದಲನೇ ಪ್ರಶ್ನೆ: "ನಾನು ಡ್ರೈವಿಂಗ್ ಕಲಿಸೋಳು. ಕಾರು ಯಾವಾಗ ಓಡಿಸಬಹುದು?"

ನರ್ಸಮ್ಮ ನಕ್ಕಳು. "ಆಪರೇಶನ್ ಆಗಿ ಐದಾರು ವಾರ. ನೋವಿಲ್ಲದೆ ಸ್ಟೀರಿಂಗ್ ತಿರುಗಿಸೋಕೆ ಆಗ್ಬೇಕು, ಗಕ್ಕನೆ ಬ್ರೇಕ್ ಹಾಕೋಕೆ ಆಗ್ಬೇಕು. ಇನ್ನೊಂದು ವಿಷಯ. ನೀವು ಕೂರೋದು ಎಡಗಡೆ ಸೀಟು ಅಲ್ವಾ? ಬೆಲ್ಟು ಸರಿಯಾಗಿ ಗಾಯದ ಮೇಲೇ ಬರುತ್ತೆ. ಅದರ ಕೆಳಗೆ ಇಟ್ಕೊಳ್ಳೋಕೆ ಒಂದು ಪುಟ್ಟ ದಿಂಬು ಕೊಡ್ತೀನಿ."

ಸೊಸೆಯ ಮುಖದಲ್ಲಿ ಅವತ್ತು ಮೊದಲ ಸಲ ಬಣ್ಣ ಬಂತು. ಅದನ್ನು ಕಂಡು ಸೌಟಮ್ಮನಿಗೆ ನೆಮ್ಮದಿಯೂ ಆಯಿತು, ಒಳಗೆಲ್ಲೋ ಒಂದು ಮುಳ್ಳೂ ಚುಚ್ಚಿತು. ಹದಿನೆಂಟು ವರ್ಷ ಜೊತೆಗಿದ್ದೇನೆ, ಒಂದು ದಿಂಬಿನ ಮಾತಲ್ಲಿ ಇವಳು ನನ್ನ ಸೊಸೆಯನ್ನು ಗೆದ್ದುಬಿಟ್ಟಳಲ್ಲ!

ಆಪರೇಶನ್ ಚೆನ್ನಾಗಿಯೇ ಆಯಿತು. ಎಡ ಮೊಲೆಯನ್ನು ತೆಗೆದರು, ಕಂಕುಳ ಗಂಟುಗಳನ್ನೂ ತೆಗೆದರು. ಪಕ್ಕೆಯಿಂದ ಹೊರಟ ಒಂದು ಸಣ್ಣ ಕೊಳವೆ, ಅದರ ತುದಿಗೊಂದು ಬಾಟಲಿ, ಇಷ್ಟನ್ನು ಹೊತ್ತುಕೊಂಡು ಸೊಸೆ ಮನೆಗೆ ಬಂದಳು. ದಿನಾ ಬೆಳಿಗ್ಗೆ ಬಾಟಲಿಯಲ್ಲಿ ಎಷ್ಟು ನೀರು ತುಂಬಿದೆ ಎಂದು ಅಳೆದು ಬರೆದಿಡುವುದು ಮೊಮ್ಮಗಳ ಪಾಲಿಗೆ ಬಂತು. ನರ್ಸಮ್ಮ ಅವಳನ್ನೇ ಕೂರಿಸಿಕೊಂಡು ಹೇಳಿಕೊಟ್ಟಿದ್ದಳು. ಮಗನಿಗೆ ಸಿಕ್ಕಿದ್ದು ಗೋಡೆಯ ಕೆಲಸ. ಸೊಸೆ ಗೋಡೆಯ ಮೇಲೆ ಬೆರಳುಗಳನ್ನು ಜೇಡದಂತೆ ಹತ್ತಿಸಬೇಕು, ಎಲ್ಲಿಯವರೆಗೆ ತಲುಪಿತೋ ಅಲ್ಲಿಗೆ ಅವನು ಪೆನ್ಸಿಲಿನಲ್ಲಿ ಗೀಟೆಳೆದು ತಾರೀಕು ಬರೆಯಬೇಕು. ಗಡಿಯಾರದವನ ಕೈ, ಗೀಟುಗಳು ಕೂದಲೆಳೆಯಷ್ಟು ಸಣ್ಣಗಿದ್ದವು.

ಸೌಟಮ್ಮನಿಗೆ ಯಾರೂ ಏನೂ ಹೇಳಲಿಲ್ಲ. ಅವಳಿಗೆ ಹೇಳಬೇಕಾದ್ದೇನಿದೆ? ಅಡುಗೆಮನೆ ಇದೆಯಲ್ಲ! ಬೆಳಿಗ್ಗೆ ಗಂಜಿ, ಹತ್ತಕ್ಕೆ ಮೊಟ್ಟೆ, ಮಧ್ಯಾಹ್ನ ಬೇಳೆ, ಸೊಪ್ಪು, ಮೂರಕ್ಕೆ ಹಣ್ಣು, ಸಂಜೆ ಕುಂಬಳಕಾಯಿ ಸೂಪು. ಮುನ್ನೂರು ಜನಕ್ಕೆ ಹಾಕುತ್ತಿದ್ದ ಅಕ್ಕರೆಯನ್ನೆಲ್ಲ ಒಂದೇ ತಟ್ಟೆಗೆ ಸುರಿದಳು. ಸೊಸೆ ಲೋಟ ತೊಳೆಯಲು ಹೋದರೆ ಕಸಿದುಕೊಂಡಳು. ಹಾಸಿಗೆ ಮಡಿಸಲು ಹೋದರೆ ಗದರಿದಳು.

ಎರಡನೇ ವಾರದ ಕೊನೆಗೆ ಊಟದ ಮೇಜಿನ ಮುಂದೆ ತಾಳ್ಮೆಯ ಕಟ್ಟೆ ಒಡೆಯಿತು.

"ಇನ್ನೊಂದು ಸೌಟು ಸೂಪು ಹಾಕ್ತೀನಿ."

"ಸಾಕು ಅತ್ತೆ."

"ಅರ್ಧ ಸೌಟು."

"ಸಾಕು ಅಂದ್ನಲ್ಲ! ನಾನೇನು ನಿಮ್ಮ ಶಾಲೆ ಮಗುವಾ? ಲೋಟ ತೊಳೀಬೇಡ, ಬಾಗಿಲಿಗೆ ಹೋಗ್ಬೇಡ, ಹಾಸಿಗೆ ಮುಟ್ಬೇಡ. ನನ್ನನ್ನ ಒಂದು ಗೂಟಕ್ಕೆ ಕಟ್ಟಿ ಮೇಯಿಸ್ತಾ ಇದೀರ!"

"ಮೇಯಿಸ್ತಾ ಇದೀನಾ? ಹೊತ್ತುಹೊತ್ತಿಗೆ ಮಾಡಿ ಹಾಕಿದ್ದಕ್ಕೆ ಇದಾ ಮಾತು?"

"ಅಮ್ಮಾ," ಅಂದ ಮಗ.

"ನೀನು ಸುಮ್ಮನಿರು. ಗೀಟೆಳೆಯೋದು ನಿನ್ನ ಕೆಲಸ, ಎಳಿ ಹೋಗು."

ಸೊಸೆ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಐದು ನಿಮಿಷವಾದ ಮೇಲೆ ಒಳಗಿಂದ ಅಳುವ ಸದ್ದು, ಜೊತೆಗೆ ಸಣ್ಣ ದನಿಯ ಮಾತು. "ಸಿಸ್ಟರ್... ಹೌದು ಸಿಸ್ಟರ್... ಇಲ್ಲ, ಅವರಿಗೆ ಹೇಳಿಲ್ಲ..."

ಸೌಟಮ್ಮ ಪಾತ್ರೆ ಉಜ್ಜಿದ ಭರಕ್ಕೆ ಪಕ್ಕದ ಮನೆಯವರು ಕಿಟಕಿ ಮುಚ್ಚಿದರು.

ಡ್ರಿಪ್ಪಿನ ಮೊದಲ ಸುತ್ತು ಮುಗಿದು ಹತ್ತನೇ ದಿನ ಮಧ್ಯಾಹ್ನ ಸೊಸೆಗೆ ಚಳಿ ಹತ್ತಿತು. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಥರ್ಮಾಮೀಟರಿನಲ್ಲಿ ಮೂವತ್ತೆಂಟು ಡಿಗ್ರಿ ಸೆಲ್ಸಿಯಸ್ ದಾಟಿತ್ತು. "ಜ್ವರಕ್ಕೆ ಒಂದು ಮಾತ್ರೆ ನುಂಗಿ ಮಲಗಿದ್ರೆ ಬೆವರು ಬಿಟ್ಟು ಹೋಗುತ್ತೆ" ಎಂದು ಸೌಟಮ್ಮ ಡಬ್ಬ ಹುಡುಕಿದಳು. ಮಾತ್ರೆ ಅಂಗೈಗೆ ಬಂತು, ನೀರಿನ ಲೋಟವೂ ಬಂತು. ಆಗ ಫ್ರಿಜ್ಜಿನ ಬಾಗಿಲ ಮೇಲೆ ಮೊಮ್ಮಗಳು ಅಂಟಿಸಿದ್ದ ಹಾಳೆ ಕಣ್ಣಿಗೆ ಬಿತ್ತು: ಮೂವತ್ತೆಂಟು ದಾಟಿದರೆ ಫೋನ್ ಮಾಡಿ, ಕಾಯಬೇಡಿ. ಕೆಳಗೆ ಆ ನಂಬರು. ಅಭಿಮಾನ ಒಂದು ಕ್ಷಣ ಅಡ್ಡ ನಿಂತಿತು. ಆಮೇಲೆ ಅವಳು ನಂಬರು ಒತ್ತಿದಳು.

"ಮಾತ್ರೆ ಕೊಟ್ರಾ ಅಮ್ಮಾ?"

"ಇಲ್ಲ. ಕೈಯಲ್ಲಿದೆ."

"ಕೆಳಗಿಡಿ. ಜ್ವರ ಇಳಿದ ಹಾಗೆ ಕಾಣುತ್ತೆ, ಒಳಗಿನ ಸೋಂಕು ಇಳಿಯಲ್ಲ. ಈ ಔಷಧಿ ಆದ್ಮೇಲೆ ಅವರ ಮೈಯಲ್ಲಿ ಸೋಂಕಿನ ಜೊತೆ ಹೊಡೆದಾಡೋ ಶಕ್ತಿ ಕಡಿಮೆ ಇರುತ್ತೆ. ಒಂದು ಗಂಟೆಯೊಳಗೆ ಇಲ್ಲಿರಿ. ನಾನು ಬಾಗಿಲಲ್ಲೇ ಇರ್ತೀನಿ."

ಟ್ಯಾಕ್ಸಿ ಸಿಕ್ಕಿತು. ಅದರ ಚಾಲಕ ಏರಿನಲ್ಲಿ ಗಾಡಿಯನ್ನು ಗೊರಗೊರ ಅನ್ನಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು, ಕಂಬಳಿ ಹೊದ್ದು ನಡುಗುತ್ತಿದ್ದ ಸೊಸೆ ಕಣ್ಣು ಮುಚ್ಚಿಕೊಂಡೇ ಅಂದಳು: "ಅಣ್ಣಾ, ಎರಡನೇ ಗೇರಿಗೆ ಬನ್ನಿ. ಎಂಜಿನ್ ಅಳ್ತಾ ಇದೆ."

ನರ್ಸಮ್ಮ ಮಾತಿಗೆ ತಪ್ಪದೆ ಬಾಗಿಲಲ್ಲೇ ನಿಂತಿದ್ದಳು. ರಕ್ತ ತೆಗೆದರು, ಸೂಜಿ ಹಾಕಿದರು, ಇನ್ನೂ ಅರ್ಧ ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು. ಮೂರನೇ ದಿನಕ್ಕೆ ಜ್ವರ ಪೂರ್ತಿ ಇಳಿಯಿತು. ಸೊಸೆ ಮಲಗಿದ್ದಾಗ ಸೌಟಮ್ಮ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ನರ್ಸಮ್ಮನನ್ನು ತಡೆದು ನಿಲ್ಲಿಸಿದಳು. ಥ್ಯಾಂಕ್ಸ್ ಹೇಳಬೇಕೆಂದಿದ್ದವಳ ಬಾಯಿಂದ ಬಂದದ್ದೇ ಬೇರೆ.

"ನನ್ನ ಸೊಸೆ ನಿನ್ನ ಹತ್ರ ಅಳ್ತಾಳೆ. ನನ್ನ ಹತ್ರ ಜಗಳ ಆಡ್ತಾಳೆ. ಏನಂತೆ ಅವಳಿಗೆ? ನಿನಗೆ ಹೇಳಿದ್ದು ನನಗೂ ಹೇಳು."

"ಅವರು ಹೇಳಿದ್ದು ಅವರದ್ದು ಅಮ್ಮಾ. ನಾನು ಹೇಳೋ ಹಾಗಿಲ್ಲ." ನರ್ಸಮ್ಮ ಬೆಂಚಿನ ಮೇಲೆ ಕೂತು, ಪಕ್ಕದ ಜಾಗ ತಟ್ಟಿ ತೋರಿಸಿದಳು. "ಆದ್ರೆ ನನ್ನ ಹತ್ರ ಅಳೋದು ಯಾಕೆ ಸುಲಭ ಅಂತ ಹೇಳ್ತೀನಿ. ನಾನು ಸಂಜೆಗೆ ನನ್ನ ಮನೆಗೆ ಹೋಗ್ತೀನಿ. ನಿಮ್ಮ ಹತ್ರ ಅತ್ತರೆ ನಾಳೆ ಬೆಳಿಗ್ಗೆ ಗಂಜಿ ಬಡಿಸುವಾಗ ನಿಮ್ಮ ಮುಖ ನೋಡ್ಬೇಕಲ್ಲ, ಅದು ಕಷ್ಟ."

ಸೌಟಮ್ಮ ಅವಳು ತಟ್ಟಿದ ಜಾಗದಲ್ಲಿ ಕೂತಳು.

"ಅಮ್ಮಾ, ನಿಮಗೆ ಒಂದು ಕೆಲಸ ಕೊಡ್ಲಾ? ಎಲ್ಲರಿಗೂ ಕೊಟ್ಟೆ, ನಿಮಗೆ ಕೊಟ್ಟಿರಲಿಲ್ಲ."

"ಏನು? ಇನ್ನೂ ಎರಡು ಸಲ ಜಾಸ್ತಿ ಸೂಪು ಮಾಡ್ಲಾ?"

"ಸೂಪು ಕಡಿಮೆ ಮಾಡಿ. ಎರಡು ತಿಂಗಳಿಂದ ಅವರು ಬರೀ ತಗೊಳ್ತಾನೇ ಇದಾರೆ. ಎಲ್ಲರೂ ಕೊಡೋರೇ. ಅದೂ ಒಂದು ಕಾಯಿಲೆ. ಅವರಿಗೆ ಏನು ಚೆನ್ನಾಗಿ ಬರುತ್ತೋ ಅದನ್ನ ಅವರ ಹತ್ರ ಕೇಳಿ ಪಡೀರಿ. ನಿಜವಾಗ್ಲೂ ಬೇಕಾಗಿರೋದನ್ನ ಕೇಳಿ, ಸುಮ್ಮನೆ ನಾಟಕಕ್ಕಲ್ಲ."

ಆ ಮಾತನ್ನು ಸೌಟಮ್ಮ ವಾರವಿಡೀ ಬಾಯಲ್ಲಿಟ್ಟುಕೊಂಡು ಚೀಪಿದಳು. ಭಾನುವಾರ ಮಧ್ಯಾಹ್ನ ನಾಲ್ವರೂ ಉಣ್ಣುತ್ತಿದ್ದಾಗ ಹೇಳಿಯೇಬಿಟ್ಟಳು.

"ನನಗೆ ಕಾರು ಕಲಿಸು."

ಮೊಮ್ಮಗಳ ಚಮಚ ತಟ್ಟೆಗೆ ಬಿತ್ತು. ಮಗ ಅಂದ: "ಅಮ್ಮಾ, ನಿನಗೆ ಅರವತ್ತಮೂರು."

"ನಿನಗೆ ನಲವತ್ತೈದು. ಆ ಕಂಬ ಇನ್ನೂ ನಿನ್ನ ದಾರಿ ಕಾಯ್ತಾ ಇದೆ."

ಮೊಮ್ಮಗಳು ನಕ್ಕ ರಭಸಕ್ಕೆ ನೀರು ಮೂಗಿಗೆ ಏರಿತು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ಸೊಸೆ ಮಾತ್ರ ಅತ್ತೆಯನ್ನೇ ಅನುಮಾನದಿಂದ ನೋಡಿದಳು. "ನನ್ನನ್ನ ಖುಷಿ ಪಡಿಸೋಕೆ ಇದೆಲ್ಲ ಬೇಡ ಅತ್ತೆ."

"ನಿನ್ನ ಖುಷಿ ಯಾರಿಗೆ ಬೇಕು? ಅವತ್ತು ಟ್ಯಾಕ್ಸಿ ಬರೋವರೆಗೆ ಹದಿನಾಲ್ಕು ನಿಮಿಷ ಬಾಗಿಲಲ್ಲಿ ನಿಂತಿದ್ದೆ. ನಮ್ಮ ಕಾರು ಕಣ್ಮುಂದೆ ನಿಂತಿತ್ತು. ನನ್ನ ಎರಡು ಕೈಯೂ ಗಟ್ಟಿಯಾಗಿವೆ, ಎರಡು ಕಾಲೂ ಗಟ್ಟಿಯಾಗಿವೆ, ಆದ್ರೂ ನಾನು ಮರದ ಹಾಗೆ ನಿಂತಿದ್ದೆ. ಇನ್ನೊಂದು ಸಲ ಹಂಗೆ ನಿಲ್ಲೋಕೆ ನನ್ನಿಂದ ಆಗಲ್ಲ ಕಣೆ."

ಸೊಸೆ ತಟ್ಟೆ ಸರಿಸಿದಳು. "ಕಣ್ಣು ಪರೀಕ್ಷೆ ಮಾಡಿಸ್ಕೊಂಡು ಬನ್ನಿ. ಆಮೇಲೆ ಕಲಿಯುವವರ ಲೈಸೆನ್ಸಿಗೆ ಅರ್ಜಿ ಹಾಕೋಣ. ಮತ್ತೆ ಒಂದು ಮಾತು, ಪಾಠದ ಹೊತ್ತಲ್ಲಿ ನೀವು ಅತ್ತೆ ಅಲ್ಲ."

"ಮತ್ತೇನು?"

"ದಡ್ಡ ವಿದ್ಯಾರ್ಥಿ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವುದು ಸುಳ್ಳಲ್ಲ.

ಮೊದಲ ಪಾಠಗಳೆಲ್ಲ ಅಡುಗೆಮನೆಯಲ್ಲೇ ನಡೆದವು. ಸೊಸೆ ಕುರ್ಚಿಯ ಮುಂದೆ ನೆಲದ ಮೇಲೆ ಮೂರು ಪಾತ್ರೆಯ ಮುಚ್ಚಳ ಇಟ್ಟಳು. ಎಡಗಡೆಯದು ಕ್ಲಚ್ಚು, ನಡುವಿನದು ಬ್ರೇಕು, ಬಲಗಡೆಯದು ಆಕ್ಸಿಲರೇಟರು. ಸೌಟಮ್ಮನ ಕೈಯಲ್ಲಿ ದೊಡ್ಡ ತಟ್ಟೆಯೇ ಸ್ಟೀರಿಂಗು, ಲಟ್ಟಣಿಗೆಯೇ ಗೇರು.

"ಕ್ಲಚ್ಚು ಫಕ್ಕನೆ ಬಿಟ್ರಿ. ಕಾರು ನಿಂತುಹೋಯ್ತು."

"ಮುಚ್ಚಳ ನಿಲ್ಲೋದೇನು, ನಿಂತೇ ಇದೆ."

"ಹಾಲು ಉಕ್ಕಿ ಬರುವಾಗ ಉರಿ ಹೇಗೆ ಇಳಿಸ್ತೀರಾ?"

"ಮೆಲ್ಲಗೆ. ಹಾಲಿನ ಮೇಲೆ ಕಣ್ಣಿಟ್ಟು."

"ಹಂಗೇ ಕಾಲು ಎತ್ತಿ."

ಅಂದಿನಿಂದ ಸೌಟಮ್ಮನಿಗೆ ಕ್ಲಚ್ಚು ಒಲಿಯಿತು. ಸೊಸೆ ಕುರ್ಚಿಯ ಮೇಲೆ ಒರಗಿ ಬೈಯುತ್ತಿದ್ದಳು, ನಗುತ್ತಿದ್ದಳು, ಬೈದು ದಣಿದಾಗ ತಾನಾಗಿಯೇ ಸೂಪು ಕೇಳುತ್ತಿದ್ದಳು. ಡ್ರಿಪ್ಪಿನ ಮರುದಿನಗಳಲ್ಲಿ ವಾಂತಿ, ಬಾಯಿಹುಣ್ಣು, ಏಳಲಾಗದ ಸುಸ್ತು, ಎಲ್ಲವೂ ಇದ್ದವು. ಆ ದಿನಗಳಲ್ಲಿ ಪಾಠವಿಲ್ಲ. ನರ್ಸಮ್ಮ ಫೋನಿನಲ್ಲಿ ವಾಂತಿಯ ಮಾತ್ರೆ ಬದಲಿಸಿಕೊಡಲು ಡಾಕ್ಟರಿಗೆ ಹೇಳುತ್ತಿದ್ದಳು, ಹುಣ್ಣಿಗೆ ಉಪ್ಪುನೀರು ಮುಕ್ಕಳಿಸಲು ಹೇಳುತ್ತಿದ್ದಳು. ಈಗ ಫೋನು ಮಾಡುವವರಲ್ಲಿ ಸೌಟಮ್ಮನೂ ಸೇರಿದ್ದಳು. ಒಮ್ಮೆ ಮುಕ್ಕಾಲು ಗಂಟೆ ಮಾತಾಡಿದಳು. ಅದರಲ್ಲಿ ಹತ್ತು ನಿಮಿಷ ಕಾಯಿಲೆಯದು, ಮಿಕ್ಕಿದ್ದು ರಿವರ್ಸ್ ಗೇರಿನದು.

ಮೂರನೇ ಸುತ್ತಿನ ಹೊತ್ತಿಗೆ, ನರ್ಸಮ್ಮ ತೋಳಿನ ಅಲುಗಾಟ ಪರೀಕ್ಷಿಸಿ "ಪಕ್ಕದ ಸೀಟಲ್ಲಿ ಕೂತು ಕಲಿಸಬಹುದು" ಎಂದ ಮೇಲೆ, ಅತ್ತೆ ಸೊಸೆ ಬೀದಿಗಿಳಿದರು. ಕಲಿಸುವವಳ ಕಾಲ ಬಳಿಯೂ ಒಂದು ಬ್ರೇಕಿರುವ ಕಾರು, ಎದೆ ಮತ್ತು ಬೆಲ್ಟಿನ ನಡುವೆ ಪುಟ್ಟ ದಿಂಬು, ಊರ ಹೊರಗಿನ ಖಾಲಿ ರಸ್ತೆ. ಗಂಟೆಗೆ ಇಪ್ಪತ್ತು ಕಿಲೋಮೀಟರು ವೇಗ. ಸೈಕಲ್ಲುಗಳು ಅವರನ್ನು ಹಿಂದೆ ಹಾಕಿ ಹೋಗುತ್ತಿದ್ದವು.

ಕಾರಿನಲ್ಲಿ ಒಂದು ಸೌಕರ್ಯವಿದೆ. ಇಬ್ಬರ ಕಣ್ಣೂ ಮುಂದಿನ ರಸ್ತೆಯ ಮೇಲಿರುತ್ತವೆ, ಯಾರ ಮುಖವನ್ನು ಯಾರೂ ನೋಡಬೇಕಾಗಿಲ್ಲ.

"ಅತ್ತೆ, ಕನ್ನಡಿ ನೋಡೋಕೆ ನನಗೆ ಭಯ," ಅಂದಳು ಸೊಸೆ ಒಂದು ಬೆಳಿಗ್ಗೆ.

"ಯಾವುದು, ಎಡಗಡೆಯದಾ? ನೀನೇ ಅಲ್ವಾ ಗಳಿಗೆಗೊಂದು ಸಲ ಕನ್ನಡಿ ನೋಡಿ ಅಂತ ನನ್ನ ಪ್ರಾಣ ತಿನ್ನೋಳು?"

"ಕಾರಿನದಲ್ಲ. ಸ್ನಾನದ ಮನೆಯದು."

ಸೌಟಮ್ಮ ಕಾರನ್ನು ರಸ್ತೆ ಬದಿಗೆ ತಂದಳು. ಇಂಡಿಕೇಟರ್ ಹಾಕಿದಳು, ಹಿಂದೆ ನೋಡಿದಳು, ಕಲಿಸಿದ್ದನ್ನೆಲ್ಲ ಕ್ರಮವಾಗಿ ಮಾಡಿ ಕಾರು ನಿಲ್ಲಿಸಿದಳು. ಆದರೂ ಮುಖ ತಿರುಗಿಸಲಿಲ್ಲ.

"ಇವತ್ತಿನವರೆಗೂ ನೋಡಿಲ್ವಾ?"

"ಟವೆಲ್ ಸುತ್ಕೊಂಡೇ ಬಟ್ಟೆ ಹಾಕ್ಕೊಳ್ತೀನಿ. ಇವರಿಗೂ ತೋರಿಸಿಲ್ಲ. ಸಿಸ್ಟರ್ ಯಾವತ್ತೂ ಅವಸರ ಮಾಡ್ಲಿಲ್ಲ. ಯಾರು ಪಕ್ಕದಲ್ಲಿದ್ರೆ ಧೈರ್ಯ ಅನ್ಸುತ್ತೋ ಅವರನ್ನ ಕರ್ಕೊಂಡು ನೋಡಿ ಅಂದ್ರು. ಯಾರನ್ನ ಅಂತ ನನಗೇ ಗೊತ್ತಿರಲಿಲ್ಲ."

"ಈಗ ಗೊತ್ತಾಯ್ತಾ?"

"ಈಗ ಗೊತ್ತಾಯ್ತು," ಅಂದಳು ಸೊಸೆ. ಹೇಳುತ್ತಾ ಅತ್ತಳು. ಸೌಟಮ್ಮನೂ ಅತ್ತಳು. ಕಾರಿನ ಗಾಜಿನಾಚೆ ಎಮ್ಮೆಯೊಂದು ಹುಲ್ಲು ಅಗಿಯುತ್ತಾ ಇಬ್ಬರನ್ನೂ ನೋಡುತ್ತಿತ್ತು.

ಮನೆಗೆ ಬಂದು ಸ್ನಾನದ ಮನೆಯ ಅಗುಳಿ ಹಾಕಿಕೊಂಡರು. ಮೊದಲು ಸೌಟಮ್ಮ ನೋಡಿದಳು. ಎದೆಯ ಒಂದು ಬದಿ ಸಮತಟ್ಟಾಗಿತ್ತು. ಅಡ್ಡಲಾಗಿ ನಸುಗೆಂಪಿನ ಒಂದು ಗೆರೆ. ಅವಳು ಕನ್ನಡಕ ಮೂಗಿಗೇರಿಸಿ, ಅಕ್ಕಿಯಲ್ಲಿ ಕಲ್ಲು ಹುಡುಕುವವಳಂತೆ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಹೊಲಿಗೆ ನೀಟಾಗಿದೆ," ಅಂದಳು.

"ಅಷ್ಟೇನಾ?"

"ಅಷ್ಟೇ ಕಣೆ. ಉಳಿದದ್ದೆಲ್ಲ ನೀನೇ."

ಸೊಸೆ ಕನ್ನಡಿಯ ಕಡೆಗೆ ತಿರುಗಿದಳು. ಬಹಳ ಹೊತ್ತು ನೋಡಿದಳು. ಅತ್ತೆಯ ಕೈ ಅವಳ ಬೆನ್ನ ಮೇಲಿತ್ತು. ಆ ರಾತ್ರಿ ಊಟಕ್ಕೆ ಎರಡು ಸಲ ಬಡಿಸಿಕೊಂಡಳು, ಯಾರೂ ಕೇಳದೆಯೇ. ಮರುವಾರ ನರ್ಸಮ್ಮನ ಬಳಿ ಹೋಗಿ ಒಳ ಉಡುಪಿನಲ್ಲಿ ಇಟ್ಟುಕೊಳ್ಳುವ ಮೆತ್ತನೆಯ ಹತ್ತಿಯ ಮೊಲೆಯನ್ನು ಅಳತೆ ನೋಡಿ ತಂದಳು. ಗಂಡನಿಗೂ ಗಾಯ ತೋರಿಸಿದಳಂತೆ. ಅವನೇನು ಹೇಳಿದನೋ ಸೌಟಮ್ಮನಿಗೆ ತಿಳಿಯದು. ಮರುದಿನ ಅವನು ಅಂಗಡಿಗೆ ಸಿಳ್ಳೆ ಹಾಕಿಕೊಂಡು ಹೋದದ್ದನ್ನು ಮಾತ್ರ ಇಡೀ ಬೀದಿ ಕೇಳಿಸಿಕೊಂಡಿತು.

ಪರೀಕ್ಷೆಯಲ್ಲಿ ಸೌಟಮ್ಮ ಮೊದಲ ಸಲ ಫೇಲಾದಳು. ಅಧಿಕಾರಿ "ಯಾಕಜ್ಜಿ ಈ ವಯಸ್ಸಲ್ಲಿ ಈ ಹುಚ್ಚು?" ಅಂದದ್ದಕ್ಕೆ ಕಾರು ನಿಲ್ಲಿಸಿ ಅವನಿಗೆ ಹತ್ತು ನಿಮಿಷ ಬುದ್ಧಿ ಹೇಳಿದ್ದೇ ಕಾರಣ. ಎರಡನೇ ಸಲ ಬಾಯಿಗೆ ಬೀಗ ಹಾಕಿಕೊಂಡು ಓಡಿಸಿ ಪಾಸಾದಳು. ಮಗ ತನ್ನನ್ನು ಸೋಲಿಸಿದ ಆ ಕಂಬವನ್ನು ಅಮ್ಮ ಒಂದು ಗೇಣು ದೂರದಿಂದ ಬಳಸಿ ಹೋದದ್ದನ್ನು ಬೇಲಿಯಾಚೆ ನಿಂತು ನೋಡಿದ. ಎರಡು ಕೈಯೆತ್ತಿ ಚಪ್ಪಾಳೆ ತಟ್ಟಿದ.

ಆಮೇಲಿನ ಹದಿನೈದು ದಿನ, ಕಿರಣ ಕೊಡಿಸುವುದಕ್ಕೆ ಸೊಸೆಯನ್ನು ದಿನಾ ಆಸ್ಪತ್ರೆಗೆ ಕರೆದೊಯ್ದವಳು ಸೌಟಮ್ಮ. ಕೊನೆಯ ದಿನ ನರ್ಸಮ್ಮ ಹೊರಬಾಗಿಲವರೆಗೆ ಬಂದಳು. ಇನ್ನು ಮೂರು ತಿಂಗಳಿಗೊಮ್ಮೆ ಬಂದರೆ ಸಾಕು, ಎಡಗೈ ಊದಿಕೊಂಡರೆ, ಹೊಸದಾಗಿ ಏನಾದರೂ ಗಂಟು ಕೈಗೆ ಸಿಕ್ಕಿದರೆ ಆ ಕ್ಷಣವೇ ಫೋನ್ ಮಾಡಿ ಎಂದಳು. ಮೂವರೂ ತಬ್ಬಿಕೊಂಡರು. ನಂತರ ನರ್ಸಮ್ಮ ಕಾರನ್ನು ಸುತ್ತು ಹಾಕಿ ನೋಡಿ, ತುಸು ನಾಚಿಕೊಂಡು ಕೇಳಿದಳು: "ನನಗೆ ನಲವತ್ತೊಂದು. ನನ್ನಿಂದ ಆಗುತ್ತಾ?"

"ಏನು?" ಅಂದಳು ಸೊಸೆ.

"ಇದು. ಚಿಕ್ಕಂದಿನಿಂದ ಭಯ. ಬಸ್ಸಿನಲ್ಲೂ ಮುಂದಿನ ಸೀಟಲ್ಲಿ ಕೂರಲ್ಲ."

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು.

ಡ್ರೈವಿಂಗ್ ಸ್ಕೂಲು ಮತ್ತೆ ತೆರೆದದ್ದು ಆರು ವಾರದ ನಂತರ, ಒಂದು ಭಾನುವಾರ. ಮೊದಲ ವಿದ್ಯಾರ್ಥಿ ನರ್ಸಮ್ಮ. ಎಂಥೆಂಥ ಸುದ್ದಿಗಳನ್ನು ಮೆತ್ತಗೆ ಹೇಳಿದ ಹೆಂಗಸು, ಎಷ್ಟು ಮನೆಗಳ ಕಣ್ಣೀರಿಗೆ ಕಿವಿಯಾದವಳು, ಸ್ಟೀರಿಂಗ್ ಹಿಡಿದ ಕೂಡಲೇ ಕೀಲಿ ತಿರುಗಿಸುವುದನ್ನೇ ಮರೆತು ಕೂತಳು. ಪಕ್ಕದಲ್ಲಿ ಒಂದಂಗುಲ ಹೊಸ ಕೂದಲು ಬಂದ ಸೊಸೆ, ಹಿಂದಿನ ಸೀಟಿನಲ್ಲಿ ಕಡಲೆಕಾಯಿ ಬಿಡಿಸುತ್ತಾ ಸೌಟಮ್ಮ.

"ಎಷ್ಟು ತಲೆಗೆ ಹೋಯ್ತು ಸಿಸ್ಟರ್?"

"ಏನೂ ಹೋಗ್ಲಿಲ್ಲ."

"ಯಾರಿಗೂ ಹೋಗಲ್ಲ. ಮತ್ತೆ ಮೊದಲಿಂದ ಹೇಳ್ತೀನಿ."

ನಾಲ್ಕು ರಸ್ತೆ ಕೂಡುವಲ್ಲಿ ಕಾರು ಗಡಗಡ ನಡುಗಿ ನಿಂತೇಹೋಯಿತು. ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರ್ನು ಬಾರಿಸತೊಡಗಿದವು. ನರ್ಸಮ್ಮ ಕಣ್ಣು ಮುಚ್ಚಿಕೊಂಡಳು. ಸೌಟಮ್ಮ ಕಿಟಕಿಯ ಗಾಜು ಇಳಿಸಿ, ಮುನ್ನೂರು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುತ್ತಿದ್ದ ಆ ದನಿಯನ್ನು ಇಡೀ ಬೀದಿಯ ಮೇಲೆ ಹರಿಯಬಿಟ್ಟಳು.

"ಏನ್ರೋ ಅಷ್ಟೊಂದು ಅವಸರ? ನಿಮ್ಮಮ್ಮನಿಗೆ, ನಿಮ್ಮಕ್ಕನಿಗೆ ಕಷ್ಟ ಬಂದ್ರೆ ಪಕ್ಕದಲ್ಲಿ ಕೂತ್ಕೊಳ್ಳೋ ಹೆಣ್ಣುಮಗಳು ಇವಳು. ಎರಡು ನಿಮಿಷ ತಡ್ಕೊಳ್ಳಿ!"

ಹಾರ್ನು ನಿಂತಿತು. ಕಾರಿನೊಳಗೆ ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗುತ್ತಲೇ ನರ್ಸಮ್ಮ ಕೀಲಿ ತಿರುಗಿಸಿದಳು, ಹಾಲು ಉಕ್ಕದ ಹಾಗೆ ಮೆಲ್ಲಗೆ ಕಾಲೆತ್ತಿದಳು. ಕಾರು ಮುಂದಕ್ಕೆ ಹೊರಟಿತು.